ಲಿಟಲ್ ಜೋ ಕಟ್ಟಿ ಹಾರಿಸಿದ್ದು

ಮಾದರಿ ರಾಕೆಟ್ ಕಟ್ಟುವವರಲ್ಲಿ ಹೆಚ್ಚಿನವರ ಕಣ್ಣು ಮನುಷ್ಯರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್-5ರ ಮೇಲೆಯೇ ಇರುತ್ತದೆ. ನಾನು ಅದನ್ನು ಬಿಟ್ಟು 1:45 ಅಳತೆಯ ಲಿಟಲ್ ಜೋ-2 ಕಿಟ್ ಕೊಂಡಾಗ ಹ್ಯೂಸ್ಟನ್ನಿನ ಗೆಳೆಯರು, ಇಷ್ಟು ಗಿಡ್ಡ, ಇಷ್ಟು ದಪ್ಪದ್ದು ಯಾಕೆ ಎಂದು ನಕ್ಕರು. ನನಗೆ ಬೇಕಾಗಿದ್ದುದು ಅದರ ರೆಕ್ಕೆಗಳು. ನಿಜವಾದ ಸ್ಯಾಟರ್ನ್-5 ತನ್ನ ಎಂಜಿನ್‌ಗಳನ್ನೇ ವಾಲಿಸಿಕೊಂಡು ದಾರಿ ಹಿಡಿಯುತ್ತಿತ್ತು. ಬುಡದ ರೆಕ್ಕೆಗಳು ತೀರ ಸಣ್ಣವು. ನಮ್ಮ ಮಾದರಿಗಳಿಗೆ ಆ ಸೌಲಭ್ಯವಿಲ್ಲ, ರೆಕ್ಕೆಯೇ ಗತಿ. ಹಾಗಾಗಿ ಸ್ಯಾಟರ್ನ್ ಮಾದರಿಯನ್ನು ಹಾರಿಸುವವರು ಪಾರದರ್ಶಕ ಪ್ಲಾಸ್ಟಿಕ್ಕಿನ ಹೆಚ್ಚುವರಿ ರೆಕ್ಕೆ ಸಿಕ್ಕಿಸುತ್ತಾರೆ, ಇಲ್ಲವೇ ಮೂಗಿನೊಳಗೆ ಭಾರ ತುಂಬುತ್ತಾರೆ. ಲಿಟಲ್ ಜೋಗೆ ಮೂಲದಲ್ಲೇ ನಾಲ್ಕು ದೊಡ್ಡ ರೆಕ್ಕೆಗಳಿವೆ. ಹೊಸ ರೆಕ್ಕೆ ಸಿಕ್ಕಿಸದೆಯೇ ಹಾರುತ್ತದೆ.

ಅದರ ಚರಿತ್ರೆಯೂ ನನಗೆ ಇಷ್ಟ. ಅಪೊಲೊ ಗಗನಯಾತ್ರಿಗಳ ಕೋಶವನ್ನು ಅಪಾಯದ ಹೊತ್ತಿನಲ್ಲಿ ರಾಕೆಟ್ಟಿನಿಂದ ಕಿತ್ತು ದೂರ ಒಯ್ಯುವ ಗೋಪುರವನ್ನು ಪರೀಕ್ಷಿಸಲೆಂದೇ ಇದನ್ನು ಕಟ್ಟಿದರು. 1963ರಿಂದ 1966ರವರೆಗೆ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ ಐದು ಸಲ ಹಾರಿತು. 1965ರ ಮೇ 19ರಂದು ಹಾರಾಟ ಶುರುವಾದ ಸ್ವಲ್ಪ ಹೊತ್ತಿಗೇ ರಾಕೆಟ್ ಗಿರಗಿರನೆ ಸುತ್ತತೊಡಗಿ ಗಾಳಿಯಲ್ಲೇ ಚೂರಾಯಿತು. ಯಾರೂ ಯೋಜಿಸದಿದ್ದ ಆ ಅವಘಡದಲ್ಲಿ ಗೋಪುರ ತನ್ನ ಕೆಲಸ ಮಾಡಿ ಕೋಶವನ್ನು ದೂರ ಒಯ್ದಿತು, ಕೋಶ ಪ್ಯಾರಾಶೂಟಿನಲ್ಲಿ ಸುರಕ್ಷಿತವಾಗಿ ಇಳಿಯಿತು. ರಾಕೆಟ್ ಸೋತಿತು, ಪರೀಕ್ಷೆ ಗೆದ್ದಿತು. ಇಲ್ಲಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಅಂಗಳದಲ್ಲಿ ಒಂದು ಲಿಟಲ್ ಜೋ ನಿಂತಿದೆ. ಎಲ್ಲರೂ ಸ್ಯಾಟರ್ನ್ ಕಡೆ ಓಡುವುದರಿಂದ ಅದರ ಮುಂದೆ ಫೋಟೊ ತೆಗೆಯಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ನನ್ನ ಮುಖ್ಯ ಆಕರ ಆ ಫೋಟೊಗಳೇ.

ಕಟ್ಟುವಾಗ ಅತಿ ಹೆಚ್ಚು ತಾಳ್ಮೆ ಬೇಡಿದ್ದು ಹೊರಮೈ. ಮೂಲದ ಅಲ್ಯೂಮಿನಿಯಂ ಹೊದಿಕೆ ತಗಡಿನ ಶೀಟಿನಂತೆ ಏಣು ಏಣಾಗಿದೆ. ಕಿಟ್‌ನಲ್ಲಿ ಅದಕ್ಕೆ ಅಂಥದೇ ಏಣುಗಳಿರುವ ತೆಳು ಪ್ಲಾಸ್ಟಿಕ್ ಹಾಳೆಗಳು ಬರುತ್ತವೆ; ಅವನ್ನು ರಟ್ಟಿನ ಕೊಳವೆಗೆ ಸುತ್ತಬೇಕು. ನಾನು ಮೊದಲು ಅಂಟಿಲ್ಲದೆ ಸುತ್ತಿ, ಟೇಪ್ ಹಾಕಿ, ಒಂದು ರಾತ್ರಿ ಹಾಗೇ ಬಿಟ್ಟೆ. ಹಾಳೆಗೆ ಬಾಗು ಅಭ್ಯಾಸವಾಗುತ್ತದೆ, ಅಂಟಿಸಿದ ಮೇಲೆ ಅಂಚು ಎದ್ದು ನಿಲ್ಲುವುದಿಲ್ಲ. ಎರಡು ಅಂಚು ಕೂಡುವ ಜಾಗ ರೆಕ್ಕೆಯ ಬುಡಕ್ಕೆ ಬರುವಂತೆ ನೋಡಿಕೊಂಡರೆ ಯಾರ ಕಣ್ಣಿಗೂ ಬೀಳದು. ಅಂಟನ್ನು ತೆಳುವಾಗಿ ಸವರಬೇಕು. ದಪ್ಪಗೆ ಹಚ್ಚಿದರೆ ಏಣುಗಳ ನಡುವೆ ಉಬ್ಬು ಕಾಣುತ್ತದೆ, ತೂಕವೂ ಏರುತ್ತದೆ.

ಕೊಳವೆಯೊಳಗಿನ ಉಂಗುರಗಳಿಗೆ, ಮದ್ದು ತುಂಬಿದ ಮೋಟಾರ್ ಕೂರುವ ನಳಿಗೆಗೆ ನಮ್ಮ ಫೆವಿಕಾಲ್ ಬಗೆಯ ಮರದ ಅಂಟೇ ಸಾಕು. ರಟ್ಟಿನ ಎಳೆಗಳೊಳಗೆ ಇಳಿದು ಅದು ಗಟ್ಟಿಯಾಗಿ ಹಿಡಿಯುತ್ತದೆ, ದುಬಾರಿ ಎಪಾಕ್ಸಿ ಅಂಟು ಇಲ್ಲಿ ಬೇಕಾಗಿಲ್ಲ. ಎಪಾಕ್ಸಿಯನ್ನು ಕಂಡಲ್ಲೆಲ್ಲ ಸುರಿಯುವ ಚಟ ಹಲವರಿಗಿದೆ. ರಾಕೆಟ್ಟಿನ ಹಿಂಭಾಗದಲ್ಲಿ ಕೂಡುವ ಪ್ರತಿ ಗ್ರಾಮಿಗೂ ಮುಂದೆ ಮೂಗಿನಲ್ಲಿ ಭಾರ ತುಂಬಬೇಕಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಭಾರದ ವಿಷಯ ಇಲ್ಲಿ ನಿಜಕ್ಕೂ ಸೂಕ್ಷ್ಮ. ಗುರುತ್ವ ಕೇಂದ್ರವು (ರಾಕೆಟ್ ಸಮತೂಕದಲ್ಲಿ ನಿಲ್ಲುವ ಬಿಂದು) ಗಾಳಿಯ ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಕೂಡಿ ತಾಗುವ ಬಿಂದು) ಕನಿಷ್ಠ ರಾಕೆಟ್ಟಿನ ಒಂದು ವ್ಯಾಸದಷ್ಟು ಮುಂದಿರಬೇಕು ಎಂಬುದು ವಾಡಿಕೆಯ ನಿಯಮ. ಕಡ್ಡಿಯಂಥ ರಾಕೆಟ್‌ಗಳಲ್ಲಿ ಅದು ಎರಡು ಮೂರು ಸೆಂಟಿಮೀಟರಿನ ಮಾತು. ನನ್ನದರ ವ್ಯಾಸವೇ ಸುಮಾರು 8.7 ಸೆಂ.ಮೀ.; ನಿಯಮವನ್ನು ಅಕ್ಷರಶಃ ಪಾಲಿಸಿದರೆ ಮೂಗಿಗೆ ಕಲ್ಲೇ ಕಟ್ಟಬೇಕು. ಗಿಡ್ಡ ದಪ್ಪ ರಾಕೆಟ್‌ಗಳಲ್ಲಿ ಅಗಲವಾದ ಬುಡದ ಹಿಂದೆ ಹುಟ್ಟುವ ಎಳೆತವೂ ನೆಟ್ಟಗೆ ಹೋಗಲು ನೆರವಾಗುತ್ತದೆ, ಸಾಮಾನ್ಯ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಅದಕ್ಕೇ ಲೆಕ್ಕವನ್ನಷ್ಟೇ ನಂಬದೆ ದಾರದ ಪರೀಕ್ಷೆ ಮಾಡಿದೆ. ಉರಿಯದ ಮೋಟಾರನ್ನೂ ಪ್ಯಾರಾಶೂಟನ್ನೂ ಒಳಗಿಟ್ಟು, ಸಮತೂಕದ ಬಿಂದುವಿಗೆ ದಾರ ಕಟ್ಟಿ, ತಲೆಯ ಮೇಲೆ ಸುತ್ತಿಸಿದಾಗ ಮೂಗು ಮುಂದಾಗಿ ಸಾಗಬೇಕು. ಮೊದಲು ಅಡ್ಡಾದಿಡ್ಡಿ ತಿರುಗಿತು. ಕೋಶದೊಳಗೆ ಜೇಡಿ ಅದುಮುತ್ತ ಹೋಗಿ, ಸ್ಥಿರವಾದ ಕೂಡಲೇ ನಿಲ್ಲಿಸಿದೆ.

ಗೋಪುರ ಕಟ್ಟಿದ್ದು ಸಣ್ಣ ಮರದ ಕಡ್ಡಿಗಳಿಂದ. ನಕ್ಷೆಯ ಮೇಲೆ ಮೇಣದ ಕಾಗದ ಹಾಸಿ ಎದುರು ಬದುರಿನ ಎರಡು ಬದಿಗಳನ್ನು ಅಂಟಿಸಿಕೊಂಡು, ಆಮೇಲೆ ಅಡ್ಡಕಡ್ಡಿಗಳಿಂದ ಅವನ್ನು ಜೋಡಿಸಿದೆ. ಬೆಳ್ಳಿಬಣ್ಣದ ಬಗ್ಗೆ ಒಂದೇ ಮಾತು: ಪೂರ್ತಿ ಒಣಗುವ ತನಕ ಮುಟ್ಟಬಾರದು, ಬೆರಳಚ್ಚು ಹಾಗೇ ಉಳಿದುಬಿಡುತ್ತದೆ.

ಮೋಟಾರ್ ಡಿ12-3. ಡಿ ಎಂದರೆ ಒಟ್ಟು ತಳ್ಳುವಿಕೆ 10ರಿಂದ 20 ನ್ಯೂಟನ್-ಸೆಕೆಂಡಿನ ವರ್ಗ, 12 ಎಂದರೆ ಸರಾಸರಿ ನ್ಯೂಟನ್, 3 ಎಂದರೆ ಮದ್ದು ಉರಿದು ಮುಗಿದ ಮೇಲೆ ಪ್ಯಾರಾಶೂಟ್ ಹೊರತಳ್ಳುವವರೆಗಿನ ಸೆಕೆಂಡುಗಳು. ಇದೇ ಮೋಟಾರ್ 5 ಸೆಕೆಂಡಿನದೂ ಸಿಗುತ್ತದೆ. ಇಂಥ ಭಾರಿ ದೇಹದ ರಾಕೆಟ್ಟಿಗೆ ಅದು ಬೇಡ, ಅಷ್ಟರೊಳಗೆ ಮೂಗು ತಿರುಗಿಸಿಕೊಂಡು ನೆಲದತ್ತ ಧಾವಿಸುತ್ತಿರುತ್ತದೆ.

ಬೇಸಿಗೆಯಲ್ಲಿ ಹುಲ್ಲು ಒಣಗಿ ಕೌಂಟಿಯವರು ಬೆಂಕಿ ನಿಷೇಧ ಹೇರಿದ್ದರಿಂದ ಹಾರಾಟ ಮುಂದಕ್ಕೆ ಹೋಯಿತು. ಚಳಿ ಶುರುವಾದ ಮೇಲೆ ಗಾಳಿಯಿಲ್ಲದ ಬೆಳಿಗ್ಗೆ ನೋಡಿ, ಕ್ಲಬ್ಬಿನವರೊಂದಿಗೆ ದನದ ಹುಲ್ಲುಗಾವಲಿಗೆ ಹೋದೆ. ಏರುವಾಗ ರಾಕೆಟ್ಟಿಗೆ ದಾರಿ ತೋರುವ ಕಂಬಿ (ಲಾಂಚ್ ರಾಡ್) ತೆಳ್ಳಗಿದ್ದರೆ ಈ ಭಾರಕ್ಕೆ ಬಾಗುತ್ತದೆಂದು ದಪ್ಪದ್ದನ್ನೇ ಹಾಕಿದೆ. ಪ್ಯಾರಾಶೂಟ್ ಸುಡದಂತೆ ಬೆಂಕಿ ತಾಗದ ಕಾಗದ ತುರುಕಿ, ನಿಯಮದ 15 ಅಡಿಗಿಂತ ಬಹಳ ಹಿಂದೆ ನಿಂತು ಗುಂಡಿ ಒತ್ತಿದೆ. ಬೆಂಕಿ ಹಿಡಿಯಲಿಲ್ಲ. ಒಂದು ನಿಮಿಷ ಯಾರೂ ಹತ್ತಿರ ಹೋಗುವಂತಿಲ್ಲ. ಕಾದು, ಮದ್ದಿಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ಬದಲಿಸಿ ಮತ್ತೆ ಒತ್ತಿದೆ. ಈ ಸಲ ನಿಧಾನವಾಗಿ, ಗಾಂಭೀರ್ಯದಿಂದ ಏರಿತು. ಎತ್ತರ ಹೇಳಿಕೊಳ್ಳುವಂಥದ್ದಲ್ಲ, ಆದರೆ ದಾರಿ ನೆಟ್ಟಗಿತ್ತು. ಕೋಶಕ್ಕೂ ದೇಹಕ್ಕೂ ಬೇರೆ ಬೇರೆ ಪ್ಯಾರಾಶೂಟ್ ಕಟ್ಟಿದ್ದೆ, ಒಂದಕ್ಕೊಂದು ಬಡಿದು ಗೋಪುರ ಮುರಿಯದಿರಲಿ ಎಂದು. ಎರಡೂ ಬಿಚ್ಚಿಕೊಂಡವು. ಗೋಪುರದ ಒಂದು ಕಡ್ಡಿ ನೆಲಕ್ಕೆ ತಾಗಿ ಸೀಳಿತು, ಅಷ್ಟೇ.

ವಿಡಿಯೊ ನೋಡಿದ ಊರಿನ ಅಕ್ಕನ ಮಗ, "ಮಾಮ, ಬರುವಾಗ ನನಗೂ ಒಂದು ತನ್ನಿ" ಎಂದ. ಮೋಟಾರನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಬರೀ ಕಿಟ್ ತರುತ್ತೇನೆ ಎಂದೆ. ಅವನಿಗೆ ಬೇಕಾಗಿರುವುದು ಗಗನಯಾನದ ಟಿವಿ-ಡಿ1 ಅಂತೆ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟಾದಿಂದ ಹಾರಿ ಲಿಟಲ್ ಜೋ ಮಾಡಿದ ಕೆಲಸವನ್ನೇ ಮಾಡಿದ ರಾಕೆಟ್ ಅದು. ಅದರ ಕಿಟ್ ನನಗೆಲ್ಲೂ ಸಿಕ್ಕಿಲ್ಲ. ಫೋಟೊ ನೋಡಿ ನಕ್ಷೆ ಬರೆಯತೊಡಗಿದ್ದೇನೆ. ಕೋಶದ ಮೇಲಿನ ಜಾಲರಿ ರೆಕ್ಕೆಗಳನ್ನು ಈ ಅಳತೆಯಲ್ಲಿ ಯಾವುದರಿಂದ ಮಾಡುವುದು ಎಂಬಲ್ಲಿಗೆ ಕೆಲಸ ನಿಂತಿದೆ.