ಸಿಹಿಗೆ ಹುಳಿ ಹಿಂಡಿ: ಮನೆಯಲ್ಲೇ ಕರಬೂಜ ಕಾಕ್‌ಟೇಲ್

ಮೆಲನ್ ಲಿಕರ್, ಅಂದರೆ ಕರಬೂಜದ ಸಿಹಿ ಮದ್ಯದ ಬಾಟಲಿ ಕೈಗೆ ಬಂದ ಕೂಡಲೇ ಒಂದು ಚಮಚ ಹಾಗೇ ಬಾಯಿಗೆ ಹಾಕಿಕೊಳ್ಳಿ. ಮೊದಲು ಸಿಹಿ, ಆಮೇಲೂ ಸಿಹಿ, ಕೊನೆಗೆ ಎಲ್ಲೋ ಮೂಗಿನ ಹಿಂದೆ ಕರಬೂಜದ ಘಮ. ಅದನ್ನು ಮದ್ಯ ಅಂದುಕೊಳ್ಳುವುದಕ್ಕಿಂತ ಹಣ್ಣಿನ ಪರಿಮಳ ಇರುವ ಸಕ್ಕರೆ ಪಾಕ ಅಂದುಕೊಂಡರೆ ಕೆಲಸ ಸುಲಭ. ನಾನು ಇದರಲ್ಲಿ ಏನೇ ಮಾಡಲಿ, ಬೇರೆ ಸಕ್ಕರೆ ಒಂದು ಹರಳೂ ಹಾಕುವುದಿಲ್ಲ. ಸಿಹಿ ಸೋಡಾ ಸುರಿಯುವುದಿಲ್ಲ, ಡಬ್ಬಿ ಜ್ಯೂಸ್ ಹತ್ತಿರ ಹೋಗುವುದಿಲ್ಲ. ಸಿಹಿ ಬಾಟಲಿಯಲ್ಲೇ ಇದೆ. ನಮ್ಮ ಕೆಲಸ ಹುಳಿ, ಐಸು, ಚಿಟಿಕೆ ಉಪ್ಪು, ಅಷ್ಟೇ.

ಈ ಜಾತಿಯ ಬಾಟಲಿಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಮಿಡೋರಿ. ಜಪಾನಿನ ಸಂಟೋರಿ ಕಂಪನಿಯದು. 1978ರಲ್ಲಿ ನ್ಯೂಯಾರ್ಕಿನ ಸ್ಟುಡಿಯೋ 54 ಅನ್ನುವ ನೈಟ್‌ಕ್ಲಬ್ಬಿನಲ್ಲಿ ಅಮೆರಿಕದವರಿಗೆ ಅದನ್ನು ಪರಿಚಯಿಸಿದರು. ಆ ಡಿಸ್ಕೋ ಕಾಲದ ಹೊಳಪು ಇನ್ನೂ ಅದರ ಬಣ್ಣದಲ್ಲಿ ಉಳಿದಿದೆ. ಕಣ್ಣಿಗೆ ಕುಕ್ಕುವ ಹಸಿರು. ಕರಬೂಜ ಎಷ್ಟು ಅರೆದರೂ ಆ ಹಸಿರು ಬರುವುದಿಲ್ಲ, ಅದು ಸೇರಿಸಿದ ಬಣ್ಣ. ಮದ್ಯದ ಪ್ರಮಾಣ ಶೇಕಡಾ 20ರ ಆಸುಪಾಸು, ಅಂದರೆ ನಮ್ಮ ಅಂಗಡಿಗಳ ವೋಡ್ಕಾದ ಅರ್ಧಕ್ಕಿಂತ ಕಡಿಮೆ.

ನಮ್ಮ ಮನೆಗೆ ಬಾಟಲಿ ಬರುವುದು ಮೆಲ್ಬರ್ನಿನಲ್ಲಿರುವ ನಾದಿನಿಯ ಕೈಯಲ್ಲಿ, ಏರ್‌ಪೋರ್ಟಿನ ಡ್ಯೂಟಿ ಫ್ರೀಯಿಂದ. ಒಬ್ಬರು ಎರಡು ಲೀಟರ್ ತನಕ ಸುಂಕ ಕಟ್ಟದೆ ತರಬಹುದು. ಅವಳು ಬಂದಾಗೆಲ್ಲ ಒಂದು ಮಾತು ಹೇಳುತ್ತಾಳೆ: "ಭಾವ, ಹೆಸರು ಜಪಾನಿಂದು ಇರಬಹುದು, ಡ್ರಿಂಕ್ ಮಾತ್ರ ನಮ್ಮೂರಿಂದು." ಅವಳು ಹೇಳುವುದು ಜಪಾನೀಸ್ ಸ್ಲಿಪ್ಪರ್ ಬಗ್ಗೆ. 1984ರಲ್ಲಿ ಮೆಲ್ಬರ್ನಿನ ಮಿಯೆಟ್ಟಾಸ್ ರೆಸ್ಟೋರೆಂಟಿನಲ್ಲಿ ಜ್ಯಾನ್-ಪಾಲ್ ಬುರ್ಗಿನ್ಯೋ ಎಂಬ ಬಾರ್‌ಟೆಂಡರ್ ಮಾಡಿದ್ದು. ಅಲ್ಲಿ ನೆಲೆಸಿದ ಕನ್ನಡದವರಿಗೆ ಅದು ಈಗ ನಮ್ಮೂರಿನ ಡ್ರಿಂಕೇ ಅಲ್ವಾ, ಬಿಡಿ.

ಮೂಲ ಲೆಕ್ಕ ಬಹಳ ಸುಲಭ. ಮೆಲನ್ ಲಿಕರ್ 30 ಮಿಲಿ, ಕ್ವಾಂತ್ರೋ 30 ಮಿಲಿ, ನಿಂಬೆರಸ 30 ಮಿಲಿ. ಮೂರೂ ಸಮಸಮ. ಐಸಿನ ಜತೆ ಕುಲುಕಿ, ಸೋಸಿ, ತಣ್ಣಗಿನ ಗ್ಲಾಸಿಗೆ. ಕ್ವಾಂತ್ರೋ ಅಂದರೆ ಕಿತ್ತಳೆ ಸಿಪ್ಪೆಯ ಲಿಕರ್, ಶೇಕಡಾ 40. ಅದು ದುಬಾರಿ. ಇದೇ ಬಗೆಯ ಬೇರೆ ಕಿತ್ತಳೆ ಲಿಕರ್, ಯಾವುದಾದರೂ ಟ್ರಿಪಲ್ ಸೆಕ್ ನಡೆಯುತ್ತದೆ. ಆದರೆ ಅಗ್ಗದ ಟ್ರಿಪಲ್ ಸೆಕ್ ಇನ್ನೂ ಸಿಹಿ, ಮದ್ಯವೂ ಕಡಿಮೆ. ಹಾಗಾಗಿ ಅದನ್ನು 20ಕ್ಕೆ ಇಳಿಸಿ 10 ಮಿಲಿ ವೋಡ್ಕಾ ಸೇರಿಸುತ್ತೇನೆ. ಆಗ ಡ್ರಿಂಕ್ ಪೆಪ್ಪರಮೆಂಟಿನ ಹಾಗೆ ಆಗದೆ ಸ್ವಲ್ಪ ಗಟ್ಟಿಯಾಗಿ ನಿಲ್ಲುತ್ತದೆ.

ಸಮಸಮ ಅಂದರೂ ನಿಂಬೆಯ ವಿಷಯದಲ್ಲಿ ನಿಲ್ಲಬೇಕು. ಆಸ್ಟ್ರೇಲಿಯಾದ ರೆಸಿಪಿಯಲ್ಲಿರುವುದು ದಪ್ಪ ಸಿಪ್ಪೆಯ, ಹಳದಿ, ದೊಡ್ಡ ನಿಂಬೆ. ನಮ್ಮ ತರಕಾರಿ ಗಾಡಿಯಲ್ಲಿ ಸಿಗುವುದು ತೆಳು ಸಿಪ್ಪೆಯ ಸಣ್ಣ ನಿಂಬೆ, ಅದು ಬೇರೆಯೇ ಹಣ್ಣು. ಹುಳಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಘಾಟು ಜಾಸ್ತಿ, ಸಿಪ್ಪೆಯಲ್ಲಿ ಕಹಿ ಜಾಸ್ತಿ. ಹಿಂಡುವ ಮಣೆಗೆ ಹಾಕಿ ಪೂರ್ತಿ ಜಜ್ಜಿದರೆ ಆ ಕಹಿ ಎಲ್ಲ ರಸಕ್ಕೆ ಇಳಿಯುತ್ತದೆ. ಸಾರಿಗೆ ಅದು ಗೊತ್ತಾಗುವುದಿಲ್ಲ, ಮೆಲನ್ ಲಿಕರಿನಲ್ಲಿ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಅಂಗೈ ಕೆಳಗಿಟ್ಟು ಒಂದು ಸಲ ಉರುಳಿಸಿ, ಅಡ್ಡ ಕತ್ತರಿಸಿ, ಬೆರಳಲ್ಲಿ ಹಗುರವಾಗಿ ಹಿಂಡುತ್ತೇನೆ. ಒಂದು ಹಣ್ಣಿಗೆ 10ರಿಂದ 15 ಮಿಲಿ ಬಂದರೆ ಸಾಕು. ಕೊನೆಯ ನಾಲ್ಕು ಹನಿಗೆ ಆಸೆ ಪಡಬಾರದು. ಚಹಾ ಸೋಸುವ ಜಾಲರಿಯಲ್ಲಿ ಸೋಸಿ ಬೀಜ ತೆಗೆಯುತ್ತೇನೆ. ನಮ್ಮ ನಿಂಬೆಯಾದರೆ ಮೊದಲು 25 ಮಿಲಿ ಹಾಕಿ ರುಚಿ ನೋಡಿ, ಆಮೇಲೆ ಬೇಕಾದಷ್ಟು ಮೇಲೆ ಹೋಗುತ್ತೇನೆ. ರಸ ಹಿಂಡಿದ ದಿನವೇ ಬಳಸಬೇಕು. ಫ್ರಿಜ್ಜಿನಲ್ಲಿಟ್ಟ ನಿನ್ನೆಯ ರಸಕ್ಕೆ ಒಂದು ಹಳಸಲು ವಾಸನೆ ಸೇರಿಕೊಂಡಿರುತ್ತದೆ.

ರುಚಿ ನೋಡುವ ಹೊತ್ತೂ ಮುಖ್ಯ. ಐಸು ಹಾಕುವ ಮೊದಲು ಚಮಚ ಅದ್ದಿ ನೋಡಿದಾಗ ಅದು ಸ್ವಲ್ಪ ಜಾಸ್ತಿ ಸಿಹಿ, ಸ್ವಲ್ಪ ಜಾಸ್ತಿ ಖಾರ ಅನ್ನಿಸಬೇಕು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕುಲುಕುವಾಗ ಐಸು ಕರಗಿ ಕಾಲು ಭಾಗದಷ್ಟು ನೀರೂ ಸೇರುತ್ತದೆ. ಬೆಚ್ಚಗಿದ್ದಾಗಲೇ ಹದವಾಗಿದ್ದರೆ ಗ್ಲಾಸಿಗೆ ಬರುವ ಹೊತ್ತಿಗೆ ಸಪ್ಪೆ.

ಅಳತೆಗೆ ನನ್ನಲ್ಲಿ ಬಾರ್ ಸಾಮಾನು ಏನೂ ಇಲ್ಲ. ಕೆಮ್ಮಿನ ಔಷಧಿಯ ಮೇಲೆ ಬರುವ ಪ್ಲಾಸ್ಟಿಕ್ ಮುಚ್ಚಳ ಇದೆಯಲ್ಲ, 5, 10 ಅಂತ ಗೆರೆ ಇರುವುದು, ಅದನ್ನು ಚೆನ್ನಾಗಿ ತೊಳೆದು ಇಟ್ಟುಕೊಂಡಿದ್ದೇನೆ. ನಿಂಬೆರಸಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಮದ್ಯಕ್ಕೆ ಪೆಗ್ ಅಳತೆ, ಸ್ಮಾಲ್ ಅಂದರೆ 30, ಲಾರ್ಜ್ ಅಂದರೆ 60. ಶೇಕರ್ ಬದಲು ಬಿಗಿ ಮುಚ್ಚಳದ ಅಗಲ ಬಾಯಿಯ ಸ್ಟೀಲ್ ಬಾಟಲಿ. ಗಾಜಿನ ಬಾಟಲಿಯೂ ಆಗುತ್ತದೆ, ಆದರೆ ಸ್ಟೀಲಿನಲ್ಲಿ ಕೈಗೆ ಸುದ್ದಿ ಸಿಗುತ್ತದೆ. ಜೋರಾಗಿ ಕುಲುಕುತ್ತಿದ್ದರೆ ಹತ್ತು ಹನ್ನೆರಡು ಸೆಕೆಂಡಿಗೆ ಹೊರಮೈ ಬೆವರಿ, ಬೆಳ್ಳಗೆ ಮಂಜು ಹಿಡಿದು, ಬೆರಳು ಅಂಟಿಕೊಳ್ಳುವಷ್ಟು ತಣ್ಣಗಾಗುತ್ತದೆ. ಒಳಗಿನ ಸದ್ದೂ ಬದಲಾಗುತ್ತದೆ. ಮೊದಲು ಟಕಟಕ ಅನ್ನುತ್ತಿದ್ದ ಐಸಿನ ಅಂಚು ಸವೆದು ಮೆತ್ತಗಿನ ಸದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಐಸಿನ ಬಗ್ಗೆ ನನಗೆ ಸ್ವಲ್ಪ ಮಡಿ ಜಾಸ್ತಿ. ನಮ್ಮ ಫ್ರೀಜರುಗಳಲ್ಲಿ ತುರಿದ ಕಾಯಿ, ಸುಲಿದ ಬೆಳ್ಳುಳ್ಳಿ, ಸಂಬಾರ ಪುಡಿಯ ಕವರು ಎಲ್ಲ ಇರುತ್ತದೆ. ಮುಚ್ಚದೆ ಇಟ್ಟ ಐಸ್ ಟ್ರೇ ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಕರಬೂಜದ ಘಮ ಬಹಳ ನಾಜೂಕು, ಬೆಳ್ಳುಳ್ಳಿ ಮುಂದೆ ನಿಲ್ಲುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿ ಹಿಂದಿನ ರಾತ್ರಿಯೇ ನೀರಿಟ್ಟು ದೊಡ್ಡ ತುಂಡು ಮಾಡಿಕೊಳ್ಳುತ್ತೇನೆ. ದೊಡ್ಡ ತುಂಡು ನಿಧಾನ ಕರಗುತ್ತದೆ ಅನ್ನುವುದು ಇನ್ನೊಂದು ಲಾಭ. ಗ್ಲಾಸುಗಳೂ ಅರ್ಧ ಗಂಟೆ ಫ್ರೀಜರಿನಲ್ಲಿ.

ಒಂದು ಲೆಕ್ಕ ಮಾತ್ರ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಈ ಸ್ಲಿಪ್ಪರ್ ನೋಡಲು ಮಕ್ಕಳ ಶರಬತ್ತು. ಆದರೆ 30 ಮಿಲಿ ಮೆಲನ್ ಲಿಕರಿನಲ್ಲಿ 6 ಮಿಲಿ, 30 ಮಿಲಿ ಕ್ವಾಂತ್ರೋದಲ್ಲಿ 12 ಮಿಲಿ, ಒಟ್ಟು 18 ಮಿಲಿ ಶುದ್ಧ ಮದ್ಯ ಇದೆ. ನಮ್ಮ ವೋಡ್ಕಾ, ರಮ್ಮು ಸಾಮಾನ್ಯವಾಗಿ ಶೇಕಡಾ 42.8. ಆ ಲೆಕ್ಕದಲ್ಲಿ ಒಂದು ಗ್ಲಾಸು ಸ್ಲಿಪ್ಪರ್ ಅಂದರೆ ಸುಮಾರು ಒಂದೂವರೆ ಸ್ಮಾಲ್. ಸಿಹಿ ಇರುವುದರಿಂದ ನಾಲ್ಕು ಗುಟುಕಿಗೆ ಖಾಲಿಯಾಗುತ್ತದೆ, ತಿಳಿಯುವುದೇ ಇಲ್ಲ. ನಮ್ಮ ಮನೆಯಲ್ಲಿ ಎರಡರ ಮೇಲೆ ಯಾರಿಗೂ ಮಾಡಿಕೊಡುವುದಿಲ್ಲ, ಕುಡಿದವರ ಗಾಡಿ ಕೀಲಿ ಟಿವಿ ಮೇಲಿನ ಗೂಡಿನಲ್ಲೇ ಇರುತ್ತದೆ.

ಏಪ್ರಿಲ್ ಸೆಕೆಗೆ ಸ್ಲಿಪ್ಪರ್ ಸ್ವಲ್ಪ ಭಾರ. ಆಗ ನಾನು ಮಾಡುವುದು ಮಿಡೋರಿ ಸಾವರ್, ಅಂದರೆ ಹುಳಿ ಡ್ರಿಂಕ್. ಲಿಕರ್ 45 ಮಿಲಿ, ನಿಂಬೆರಸ 20ರಿಂದ 25, ಚಿಟಿಕೆ ಉಪ್ಪು, ನಾಲ್ಕು ತೆಳು ಬಿಲ್ಲೆ ಎಳೆ ಸೌತೆಕಾಯಿ. ಎಲ್ಲವನ್ನೂ ಐಸಿನ ಜತೆ ಕುಲುಕಿ, ಉದ್ದ ಗ್ಲಾಸಿಗೆ ಸೋಸಿ, ಮೇಲೆ ಖಾಲಿ ಸೋಡಾ. ಸೌತೆ ಹಾಕುವುದು ನನ್ನದೇ ಸೇರ್ಪಡೆ. ಕರಬೂಜ, ಸೌತೆ ಎರಡೂ ಒಂದೇ ಕುಲದ ಬಳ್ಳಿಗಳು, ಎರಡರ ಹಸಿ ವಾಸನೆಯೂ ಹತ್ತಿರದ್ದು. ಬಾಟಲಿಯ ಘಮದ ಕೆಳಗೆ ಸೌತೆ ಹೋಗಿ ಕೂತರೆ ಇಡೀ ಡ್ರಿಂಕ್ ನಿಜವಾದ ಹಣ್ಣಿನ ಹತ್ತಿರ ಬರುತ್ತದೆ. ಪುದೀನ ಎರಡೆಲೆ ಬೇಕಾದರೆ ಹಾಕಿ, ಜಾಸ್ತಿ ಹಾಕಿದರೆ ಬರೀ ಪುದೀನವೇ ಕುಡಿದ ಹಾಗಾಗುತ್ತದೆ. ಉಪ್ಪನ್ನು ಮಾತ್ರ ಬಿಡಬೇಡಿ. ಚಿಟಿಕೆಯ ಅರ್ಧ ಸಾಕು. ನಿಂಬೆಯ ಕಹಿ ಹಿಂದೆ ಸರಿದು ಹಣ್ಣು ಮುಂದೆ ಬರುತ್ತದೆ.

ಬಾಟಲಿ ಮುಗಿದ ಮೇಲೆ ಏನು ಮಾಡುವುದು? ಇಲ್ಲಿನ ಎಲ್ಲ ಅಂಗಡಿಯಲ್ಲೂ ಇದು ಸಿಗುವುದಿಲ್ಲ, ಸಿಕ್ಕರೂ ಬೆಲೆ ನೋಡಿ ವಾಪಸ್ ಇಡುವ ಹಾಗಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಾನೇ ನೆನೆಸಿಡುತ್ತೇನೆ. ಭಟ್ಟಿ ಇಳಿಸುವುದು ಅಪರಾಧ, ಅದರ ತಂಟೆ ಬೇಡ. ಇದು ಅಂಗಡಿಯಿಂದ ತಂದ ವೋಡ್ಕಾದಲ್ಲಿ ಹಣ್ಣು ನೆನೆಸುವುದು, ಅಷ್ಟೇ.

ಹಣ್ಣು ಆರಿಸುವುದರಲ್ಲೇ ಮುಕ್ಕಾಲು ಕೆಲಸ. ಕರಬೂಜದ ತೊಟ್ಟು ಕಳಚಿದ ಜಾಗ ಮೂಸಿ ನೋಡುತ್ತೇನೆ. ಅಲ್ಲಿ ಘಮ ಇಲ್ಲದಿದ್ದರೆ ಒಳಗೂ ಇಲ್ಲ. ಹುಳಿ ಹೆಂಡದ ವಾಸನೆ ಬಂದರೆ ಹೊತ್ತು ಮೀರಿದೆ. ಮನೆಗೆ ತಂದು, ಕತ್ತರಿಸುವ ಮೊದಲು, ಸಿಪ್ಪೆಯನ್ನು ಬ್ರಷ್ಷಿನಲ್ಲಿ ಉಜ್ಜಿ ತೊಳೆಯುತ್ತೇನೆ. ಆ ಬಲೆಬಲೆ ಸಿಪ್ಪೆಯಲ್ಲಿ ಮಣ್ಣು ಕೂತಿರುತ್ತದೆ, ಚಾಕು ಅದನ್ನು ನೇರ ಒಳಕ್ಕೆ ಒಯ್ಯುತ್ತದೆ. ಕರಬೂಜದಲ್ಲಿ ಹುಳಿ ತೀರಾ ಕಡಿಮೆ, ಕ್ರಿಮಿಗಳಿಗೆ ಅದು ಒಳ್ಳೆಯ ಮನೆ.

ಬೀಜ, ಸಿಪ್ಪೆ ತೆಗೆದ ಹಣ್ಣು 500 ಗ್ರಾಂ, ಹೋಳು ಮಾಡಿ. ಯಾವ ವಾಸನೆಯೂ ಇಲ್ಲದ ವೋಡ್ಕಾ 500 ಮಿಲಿ. ಒಣಗಿದ ಗಾಜಿನ ಜಾಡಿಯಲ್ಲಿ ಹಾಕಿ, ಹೋಳು ಪೂರ್ತಿ ಮುಳುಗಿರಬೇಕು. ಮುಚ್ಚಿ ಫ್ರಿಜ್ಜಿನಲ್ಲಿಡಿ. ಮಾವು, ಅನಾನಸ್ ಆದರೆ ವಾರಗಟ್ಟಲೆ ಬಿಡಬಹುದು, ಕರಬೂಜಕ್ಕೆ ಅಷ್ಟು ತಾಳ್ಮೆ ಇಲ್ಲ. ಮೂರನೇ ದಿನದಿಂದಲೇ ಮೂಸಿ ನೋಡುತ್ತಿರಿ, ಐದು ದಿನ ದಾಟಿಸಬೇಡಿ. ಹೆಚ್ಚು ದಿನ ಬಿಟ್ಟರೆ ಬೇಯಿಸಿದ ಕುಂಬಳಕಾಯಿ ವಾಸನೆ ಬರುತ್ತದೆ. ಹಿಂಡದೆ, ತೆಳು ಬಟ್ಟೆಯಲ್ಲಿ ತಾನಾಗಿ ಇಳಿಯಲು ಬಿಟ್ಟರೆ ತಿಳಿಯಾಗಿ ಬರುತ್ತದೆ. ಹಿಂಡಿದರೆ ಮಬ್ಬು.

200 ಗ್ರಾಂ ಸಕ್ಕರೆಯನ್ನು 150 ಮಿಲಿ ನೀರಿನಲ್ಲಿ ಕರಗಿಸಿ, ಪೂರ್ತಿ ಆರಿದ ಮೇಲೆ ಸೇರಿಸುತ್ತೇನೆ. ಬಿಸಿಯಿದ್ದಾಗ ಹಾಕಿದರೆ ಘಮ ಹಾರಿಹೋಗುತ್ತದೆ. ಹಣ್ಣಿನಲ್ಲಿ ಸುಮಾರು ಶೇಕಡಾ 90 ನೀರೇ ಇರುವುದರಿಂದ ವೋಡ್ಕಾ ಅಲ್ಲೇ ಅರ್ಧಕ್ಕಿಳಿದಿರುತ್ತದೆ, ಪಾಕವೂ ಸೇರಿದ ಮೇಲೆ ಉಳಿಯುವುದು ಅಂದಾಜು 15, 16. ಮಿಡೋರಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಇದನ್ನು ಫ್ರಿಜ್ಜಿನಲ್ಲೇ ಇಟ್ಟು ಎರಡು ಮೂರು ವಾರದಲ್ಲಿ ಮುಗಿಸುತ್ತೇವೆ. ಬಣ್ಣ ತಿಳಿ ಜೇನಿನದು. ಒಳಗೆ ಹಸಿರಿರುವ ಹನಿಡ್ಯೂ ಕರಬೂಜ ಹಾಕಿದರೂ ಹಸಿರು ಇಳಿಯುವುದಿಲ್ಲ. ನನ್ನ ಹೆಂಡತಿ ಒಮ್ಮೆ ಕೇಸರಿಬಾತಿಗೆ ತಂದ ಬಣ್ಣದ ಡಬ್ಬಿ ತೋರಿಸಿ, "ಹಸಿರೂ ಸಿಗುತ್ತೆ ಕಣ್ರೀ, ತರಲಾ?" ಅಂದಳು. ಬೇಡ ಅಂದೆ. ರುಚಿಯಲ್ಲಿ ಬಾಟಲಿಗಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ನಾದಿನಿ ಒಪ್ಪುವುದಿಲ್ಲ. ಅವಳಿಗೆ ಆ ಹಸಿರೇ ಬೇಕು.

ಮನೆಯಲ್ಲಿ ಕುಡಿಯದವರು ಇದ್ದೇ ಇರುತ್ತಾರೆ, ಅವರ ಕೈಗೆ ಬರೀ ಸೋಡಾ ಕೊಡುವುದು ಚೆನ್ನಲ್ಲ. ರಾಮನವಮಿಗೆ ಬೆಲ್ಲ, ಏಲಕ್ಕಿ ಹಾಕಿ ಕರಬೂಜದ ಪಾನಕ ಮಾಡುತ್ತೇವಲ್ಲ, ಅದನ್ನೇ ಸ್ವಲ್ಪ ತಿರುಗಿಸುತ್ತೇನೆ. ಹಣ್ಣು ರುಬ್ಬಿ ಸೋಸಿ 100 ಮಿಲಿ, ತೆಳು ಬೆಲ್ಲದ ನೀರು ಎರಡು ಚಮಚ, ನಿಂಬೆ 15 ಮಿಲಿ, ಉಪ್ಪು, ಏಲಕ್ಕಿ ಒಂದು ಚಿಟಿಕೆ. ಅದೇ ಬಾಟಲಿ ತೊಳೆದು, ಹೊಸ ಐಸಿನಲ್ಲಿ ಕುಲುಕಿ, ಅದೇ ತರದ ಗ್ಲಾಸಿಗೆ ಹಾಕಿ, ಮೇಲೆ ಸೋಡಾ. ಅತ್ತೆಯವರು ಎರಡನೇ ಗ್ಲಾಸು ಕೇಳುವುದು ಇದನ್ನೇ. ಕುಲುಕಿದ್ದರಿಂದ ಮೇಲೆ ಸಣ್ಣ ನೊರೆ ನಿಲ್ಲುತ್ತದೆ, ಲೋಟದಲ್ಲಿ ಕಲಸಿದ ಪಾನಕಕ್ಕೆ ಅದು ಬರುವುದಿಲ್ಲ.

ಸೋಸಿ ಉಳಿದ ಹೋಳುಗಳನ್ನು ಎಸೆಯಬೇಡಿ. ಕೆಳಗಿನ ಮೋರಿಗೆ ಹೋಗುವ ವೋಡ್ಕಾದ ಬೆಲೆ ಯೋಚಿಸಿದರೆ ಸಂಕಟವಾಗುತ್ತದೆ. ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ, ಮದ್ಯ ಇರುವುದರಿಂದ ಕಲ್ಲಿನಷ್ಟು ಗಟ್ಟಿಯಾಗುವುದಿಲ್ಲ. ವೆನಿಲಾ ಐಸ್‌ಕ್ರೀಮಿನ ಮೇಲೆ ಎರಡು ಮೂರು ಹೋಳು, ಮೇಲೊಂದಿಷ್ಟು ಕಾಳುಮೆಣಸಿನ ಪುಡಿ. ಡಬ್ಬಿಯ ಮೇಲೆ ದೊಡ್ಡದಾಗಿ 'ಮಕ್ಕಳಿಗಲ್ಲ' ಅಂತ ಬರೆದು, ಕೈಗೆಟುಕದ ಮೇಲಿನ ಅರೆಯಲ್ಲಿಡಿ. ನೋಡಲು ಅದು ಥೇಟ್ ರಸಾಯನದ ಹಣ್ಣೇ.