ಗ್ವೆಸಾನ್‌ನಲ್ಲಿ ಕಿಮ್ಚಿ ಹಾಕಿದ ವಾರಾಂತ್ಯ

ಕೊರಿಯಾದ ಹಳ್ಳಿ ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ನವೆಂಬರ್‌ನಲ್ಲಿ ಹೋಗಿ, ಅದೂ ಗೆಳೆಯರ ಮನೆಯಲ್ಲಿ ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನ ನೋಡಿಕೊಂಡು ಹೋಗಿ. ಕಿಮ್ಚಿ ಅಂದರೆ ಕೋಸಿಗೆ ಉಪ್ಪು, ಖಾರದ ಮಸಾಲೆ ಹಚ್ಚಿ ಹುದುಗಿಸಿದ, ನಮ್ಮ ಉಪ್ಪಿನಕಾಯಿಯಂಥದ್ದು. ಹೀಗೆ ಎಲ್ಲರೂ ಸೇರಿ ಕಿಮ್ಚಿ ಹಾಕುವುದಕ್ಕೆ ಅಲ್ಲಿ ಕಿಮ್‌ಜಾಂಗ್ ಅನ್ನುತ್ತಾರೆ. 2013ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು. ಆ ದಿನ ಎಷ್ಟು ಕೈ ಇದ್ದರೂ ಸಾಲದು. ಭಾಷೆ ಅಷ್ಟಕ್ಕಷ್ಟೇ ಬಂದರೂ ಕೆಲಸ ಮಾಡಿದವರನ್ನು ಮನೆಯವರಂತೆ ನೋಡುತ್ತಾರೆ.

ನನ್ನ ಜೊತೆ ಓದುವ ಗೆಳತಿಯ ಊರು ದಕ್ಷಿಣ ಕೊರಿಯಾದ ಉತ್ತರ ಚುಂಗ್‌ಚಾಂಗ್ ಪ್ರಾಂತ್ಯದ ಗ್ವೆಸಾನ್ ಕಡೆಯ ಒಂದು ಹಳ್ಳಿ. ರಾಜಧಾನಿ ಸೋಲ್‌ನ ಪೂರ್ವ ಬಸ್ ಟರ್ಮಿನಲ್‌ನಿಂದ ಸುಮಾರು ಎರಡು ಗಂಟೆ ದಾರಿ. ಅಲ್ಲಿಂದ ಮುಂದೆ ಹಳ್ಳಿ ಬಸ್. ಅದು ದಿನಕ್ಕೆ ಕೆಲವೇ ಸಲ ಬರುವುದರಿಂದ ವೇಳೆ ಮೊದಲೇ ಕೇಳಿಟ್ಟುಕೊಳ್ಳಬೇಕು. ದಾರಿಗೆ ಗೂಗಲ್ ಮ್ಯಾಪ್ ನಂಬಬೇಡಿ, ಕೊರಿಯಾದವರದೇ ಆದ ನೇವರ್ ಮ್ಯಾಪ್ ಹಾಕಿಕೊಳ್ಳಿ. ಬರಿಗೈಯಲ್ಲಿ ಹೋಗಬಾರದು ಅಲ್ವಾ? ಜೇಜು ದ್ವೀಪದ ಕಿತ್ತಳೆಯ ಒಂದು ಪೆಟ್ಟಿಗೆ ಮತ್ತು ಊರಿಂದ ತಂದಿದ್ದ ಚಿಕ್ಕಮಗಳೂರು ಕಾಫಿಪುಡಿ ಒಯ್ದಿದ್ದೆ. ಗೆಳತಿಯ ತಾಯಿಯನ್ನು ಒಮೊನಿಮ್ ಅಂತಲೂ ಅಜ್ಜಿಯನ್ನು ಹಲ್ಮೊನಿ ಅಂತಲೂ ಕರೆದೆ. ಹಿರಿಯರಿಗೆ ಏನೇ ಕೊಟ್ಟರೂ, ಅವರಿಂದ ಏನೇ ತೆಗೆದುಕೊಂಡರೂ ಎರಡೂ ಕೈ ಬಳಸಬೇಕು. ಊಟಕ್ಕೆ ಅಜ್ಜಿ ಚಮಚ ಎತ್ತುವವರೆಗೆ ಕಾಯಬೇಕು.

ಶನಿವಾರ ಇಡೀ ದಿನ ಉಪ್ಪಿನ ಕೆಲಸ. ಕಿಮ್ಚಿಯ ಕೋಸು ನಮ್ಮ ಎಲೆಕೋಸಲ್ಲ, ಉದ್ದನೆಯದು, ಬುಡದಲ್ಲಿ ಬಿಳಿ ದಂಟು ದಪ್ಪಗಿರುತ್ತದೆ. ನಾನು ಚಾಕು ಹಿಡಿದ ಕೂಡಲೇ ಹಲ್ಮೊನಿ ಪಕ್ಕಕ್ಕೆ ಬಂದು ಕೂತರು. ಬುಡದಿಂದ ಸ್ವಲ್ಪ ದೂರ ಮಾತ್ರ ಚಾಕು ಹಾಕಬೇಕು, ಉಳಿದದ್ದನ್ನು ಎರಡೂ ಕೈಯಿಂದ ಬಿಡಿಸಿ ಸೀಳಬೇಕು. ಹಾಗೆ ಮಾಡಿದರೆ ಒಳಗಿನ ಎಳೆ ಎಲೆಗಳು ಚೂರಾಗಿ ಉದುರುವುದಿಲ್ಲ. ಆಮೇಲೆ ಉಪ್ಪುನೀರಲ್ಲಿ ಅದ್ದಿ, ಒಂದೊಂದೇ ಎಲೆ ಎತ್ತಿ, ದಂಟಿನ ಮೇಲೆ ಕಲ್ಲುಪ್ಪು ಎರಚಬೇಕು. ತೆಳು ಎಲೆಗೆ ಉಪ್ಪು ಬೇಡ. ಈ ಪ್ರಾಂತ್ಯಕ್ಕೆ ಕಡಲೇ ಇಲ್ಲ, ದಕ್ಷಿಣ ಕೊರಿಯಾದಲ್ಲಿ ಹಾಗಿರುವುದು ಇದೊಂದೇ. ಹಾಗಾಗಿ ಉಪ್ಪು ನೈರುತ್ಯ ಕರಾವಳಿಯ ಶಿನಾನ್‌ನಿಂದ ಬಂದಿತ್ತು. ರಾತ್ರಿಯಿಡೀ ಕೋಸು ಉಪ್ಪಲ್ಲಿ ಮಲಗಿತು. ನಡುರಾತ್ರಿ ಒಮೊನಿಮ್ ಎದ್ದು ಮೇಲಿನದನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ತಿರುವಿ ಹಾಕಿದರು. ನಾನೂ ಟಾರ್ಚ್ ಹಿಡಿದು ಹೋದೆ. ವಾಪಸ್ ಬಂದಾಗ ನೆಲದಡಿಯ ಬಿಸಿಯಿಂದ ಕೋಣೆ ಬೆಚ್ಚಗಿತ್ತು. ಆ ನೆಲದ ಮೇಲೆ ಹಾಸಿಕೊಂಡು ಮಲಗುವ ಸುಖವೇ ಬೇರೆ.

ಬೆಳಿಗ್ಗೆ ದಂಟು ಬಗ್ಗಿಸಿ ನೋಡುತ್ತಾರೆ. ಮುರಿಯದೆ ಬಾಗಿದರೆ ಹದ ಬಂದಿದೆ ಅಂತ. ಮೂರು ನಾಲ್ಕು ಸಲ ತೊಳೆದು, ನೀರು ಸೋರಲು ಕವುಚಿ ಹಾಕುತ್ತಾರೆ. ಅಷ್ಟರಲ್ಲಿ ಅಕ್ಕಪಕ್ಕದ ಮನೆಯ ಅಜ್ಜಿಯರು ಬಂದರು. ಎಲ್ಲರ ಹಿಂಬದಿಗೂ ಗುಂಡನೆಯ ಸ್ಪಂಜಿನ ಮೆತ್ತೆ ಕಟ್ಟಿರುತ್ತದೆ. ಹೊಲದಲ್ಲೂ ಅದೇ, ಎಲ್ಲಿ ಕೂತರೂ ಅದೇ ಮಣೆ. ನನಗೂ ಒಂದು ಕಟ್ಟಿದರು. ಗ್ವೆಸಾನ್‌ನಲ್ಲಿ 40,000 ಜನವೂ ಇಲ್ಲ, ವಯಸ್ಸಾದವರೇ ಎಲ್ಲೆಲ್ಲೂ ಕಾಣುತ್ತಾರೆ. ನಗರಕ್ಕೆ ಹೋದ ಮಕ್ಕಳು ಈ ಕೆಲಸಕ್ಕೆ ತಪ್ಪದೆ ಬರುತ್ತಾರೆ, ಹೋಗುವಾಗ ಡಬ್ಬ ತುಂಬಿಸಿಕೊಂಡು ಹೋಗುತ್ತಾರೆ.

ಮಸಾಲೆಗೆ ಈ ಊರಿನದೇ ಮೆಣಸಿನಪುಡಿ. ಬಣ್ಣ ಜಾಸ್ತಿ, ಖಾರ ಹದ, ನಮ್ಮ ಬ್ಯಾಡಗಿಯ ಹಾಗೆ. ಅಂಟಕ್ಕಿಯ ಗಂಜಿಗೆ ಅದನ್ನು ಕಲಸಿ, ಬೆಳ್ಳುಳ್ಳಿ, ಶುಂಠಿ, ಎಳೆಎಳೆಯಾಗಿ ಹೆಚ್ಚಿದ ಮೂಲಂಗಿ, ಈರುಳ್ಳಿ ಹೂವು, ಸಾಸಿವೆ ಸೊಪ್ಪು ಸೇರಿಸುತ್ತಾರೆ. ಜೊತೆಗೆ ಉಪ್ಪಲ್ಲಿ ಹುದುಗಿಸಿದ ಸಣ್ಣ ಸೀಗಡಿ ಮತ್ತು ಮೀನಿನ ರಸ. ನಾನು ಮೀನು, ಮಾಂಸ ತಿನ್ನುವುದಿಲ್ಲ. ಗೆಳತಿಗೆ ವಾರದ ಮೊದಲೇ ಹೇಳಿದ್ದೆ. ನೀವೂ ಮೊದಲೇ ಹೇಳಿ, ಊಟಕ್ಕೆ ಕೂತ ಮೇಲೆ ಹೇಳಿದರೆ ಅವರಿಗೆ ತುಂಬಾ ಬೇಜಾರಾಗುತ್ತದೆ. ಹಲ್ಮೊನಿ ಬೌದ್ಧ ದೇವಸ್ಥಾನಕ್ಕೆ ಹೋಗುವವರು. ಅಲ್ಲಿ ಕಿಮ್ಚಿಗೆ ಮೀನು ಹಾಕುವುದಿಲ್ಲ, ಬೆಳ್ಳುಳ್ಳಿಯೂ ಇಲ್ಲ. ಅದೇ ನೆನಪಿನಲ್ಲಿ ನನಗಾಗಿ ಬೇರೆ ಬೋಗುಣಿಯಲ್ಲಿ ಸೋಯಾ ಸಾಸ್ ಹಾಕಿ ಕಲಸಿದರು. ಬೆಳ್ಳುಳ್ಳಿ ಮಾತ್ರ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅದು ಮೆಣಸಿನಪುಡಿಗಲ್ಲ.

ಮಸಾಲೆ ಹಚ್ಚುವಾಗ ಹೊರಗಿನ ಎಲೆಯಿಂದ ಶುರುಮಾಡಿ, ಪ್ರತಿ ಎಲೆಯ ಬುಡಕ್ಕೂ ಸವರಿ, ಕೊನೆಗೆ ಹೊರಗಿನ ದೊಡ್ಡ ಎಲೆಯಲ್ಲಿ ಇಡೀ ಗೆಡ್ಡೆಯನ್ನು ಸುತ್ತಿ ಡಬ್ಬಕ್ಕೆ ಒತ್ತಿ ಇಡಬೇಕು. ಗಾಳಿ ಉಳಿಯಬಾರದು. ಮಧ್ಯಾಹ್ನ ಎಲ್ಲರಿಗೂ ಹಸಿ ಕಿಮ್ಚಿ ಜೊತೆ ಬೇಯಿಸಿದ ಹಂದಿಮಾಂಸ, ನನಗೆ ಬಿಸಿ ತೋಫು. ಊಟವಾದ ಮೇಲೆ ನಾನು ಎಲ್ಲರಿಗೂ ಫಿಲ್ಟರ್ ಕಾಫಿ ಮಾಡಿಕೊಟ್ಟೆ. ಒಬ್ಬ ಅಜ್ಜಿ ಎರಡನೇ ಲೋಟ ಕೇಳಿದರು.

ಬರುವಾಗ ನನ್ನ ಡಬ್ಬದ ಮೇಲೆ ಒಮೊನಿಮ್ ಗುರುತು ಹಾಕಿ ಕೊಟ್ಟರು. ಒಂದು ದಿನ ಹೊರಗಿಟ್ಟು ಆಮೇಲೆ ಫ್ರಿಜ್‌ಗೆ ಹಾಕು, ತೆಗೆದಾಗಲೆಲ್ಲ ಮೇಲಿನದನ್ನು ಒತ್ತು, ಹುಳಿ ಜಾಸ್ತಿಯಾದರೆ ಅನ್ನಕ್ಕೆ ಹಾಕಿ ಹುರಿ ಅಂದರು. ಹಾಗೇ ಮಾಡುತ್ತಿದ್ದೇನೆ.