ಕಿರ್ದಿ ಪುಸ್ತಕದೊಳಗಿನ ಖೋ-ಖೋ ತಂಡ

ನಾನು ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದ ಹೈಸ್ಕೂಲು ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ, ಎರಿ (ಕಪ್ಪು ಮಣ್ಣಿನ) ಹೊಲಗಳ ನಡುವಿನ ಒಂದು ದೊಡ್ಡ ಊರಿನಲ್ಲಿದೆ. 1962ರಲ್ಲಿ ಊರವರೇ ಪಟ್ಟಿ ಎತ್ತಿ ಆರಂಭಿಸಿದ ಶಾಲೆ ಅದು. ನಾನು ನಿವೃತ್ತನಾಗಿ ಬೆಟಗೇರಿಗೆ ಬಂದು ನೆಲೆಸಿದ ಮರುವರ್ಷ, ಶಾಲೆಯ ಅರವತ್ತನೆಯ ವರ್ಷದ ಸ್ಮರಣ ಸಂಚಿಕೆಗೆ ಖೋ-ಖೋ ತಂಡದ ಇತಿಹಾಸವನ್ನು ನಾಲ್ಕು ಪುಟಗಳಲ್ಲಿ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನಲ್ಲಿರುವ ಢಾಲುಗಳ ಮೇಲಿನ ಇಸವಿಗಳನ್ನು ಬರೆದುಕೊಂಡು ಬಂದರೆ ಎರಡು ಸಂಜೆಯ ಕೆಲಸ ಎಂದುಕೊಂಡು ಒಪ್ಪಿದೆ. ಅದು ಹದಿನಾಲ್ಕು ತಿಂಗಳ ಕೆಲಸವಾಯಿತು. ಸಂಚಿಕೆಯಲ್ಲಿ ಆಟಗಾರರ ಹೆಸರುಗಳೆಲ್ಲ ಇವೆ. ಆ ಇತಿಹಾಸವನ್ನು ಹೇಗೆ ಹುಡುಕಿದೆ ಎಂಬುದಷ್ಟನ್ನೇ, ಹೆಸರುಗಳಿಲ್ಲದೆ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಬೇಕು. ಖೋ-ಖೋ ಪಂದ್ಯದ ಸ್ಕೋರ್ ಶೀಟಿನಷ್ಟು ವಿವರವಾದ ದಾಖಲೆ ಶಾಲೆಯ ಆಟಗಳಲ್ಲಿ ಅಪರೂಪ. ಯಾವ ಸರದಿಯಲ್ಲಿ ಯಾರು ಎಷ್ಟು ನಿಮಿಷ, ಎಷ್ಟು ಸೆಕೆಂಡು ಓಡಿ ಉಳಿದರು, ಅವರನ್ನು ಔಟ್ ಮಾಡಿದವರು ಯಾರು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಆಟ ಬಲ್ಲವನು ಅದೊಂದು ಹಾಳೆಯನ್ನು ಮುಂದಿಟ್ಟುಕೊಂಡು ಇಡೀ ಪಂದ್ಯವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ನಮ್ಮ ಶಾಲೆಯಲ್ಲಿ ಅಂಥ ಹಾಳೆಗಳ ಎರಡು ದೊಡ್ಡ ಕಟ್ಟುಗಳಿದ್ದವು. 1998ರ ಬೇಸಿಗೆಯಲ್ಲಿ ಆಟದ ಸಾಮಾನಿನ ಕೋಣೆಯನ್ನು ಸ್ವಚ್ಛ ಮಾಡಿಸುವಾಗ ಗೆದ್ದಲು ಹತ್ತಿದ ಕಾಗದಗಳೊಂದಿಗೆ ಆ ಎರಡೂ ಕಟ್ಟುಗಳನ್ನು ರದ್ದಿಗೆ ಹಾಕಿದವನು ನಾನೇ. ಬಂದ ಹಣದಲ್ಲಿ ಒಂದು ಸೀಟಿ ಕೊಂಡಿದ್ದೆ. ಆ ಸೀಟಿ ಈಗಲೂ ನನ್ನ ಬಳಿ ಇದೆ.

ಹೀಗಾಗಿ ಢಾಲುಗಳಿಂದಲೇ ಆರಂಭಿಸಬೇಕಾಯಿತು. ಅತ್ಯಂತ ಹಳೆಯ ಢಾಲಿನ ಮೇಲೆ 1968 ಎಂದಿದೆ. ತಂಡ ಹುಟ್ಟಿದ್ದೂ ಆ ವರ್ಷವೇ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಮೂವತ್ತು ವರ್ಷ ಮಕ್ಕಳಿಗೆ ಹಾಗೆಯೇ ಹೇಳಿಕೊಡುತ್ತ ಬಂದಿದ್ದೆ. ಆದರೆ ಹುಟ್ಟಿದ ವರ್ಷವೇ ಹದಿನೇಳು ತಾಲೂಕುಗಳ ಅಂದಿನ ಧಾರವಾಡ ಜಿಲ್ಲೆಯಲ್ಲಿ ತಂಡವೊಂದು ಢಾಲು ಗೆದ್ದಿತೆಂಬುದನ್ನು, ಹುಡುಗರಿಗೆ ಆಟ ಕಲಿಸಿದ ಯಾವ ಮಾಸ್ತರನೂ ನಂಬಲಾರ. ಎಂಟು ಜನ ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಳಿತು, ಬೆನ್ನ ಹಿಂದಿನಿಂದ ಬರುವ ಖೋ ಅನ್ನು ಕಿವಿಯಿಂದ ಹಿಡಿದು ಒಂದೇ ನೆಗೆತಕ್ಕೆ ಏಳುವುದನ್ನು ರೂಢಿಸಿಕೊಳ್ಳಲಿಕ್ಕೇ ಎರಡು ವರ್ಷ ಬೇಕು.

ಅನುಮಾನ ಬಂದ ಮೇಲೆ ಗುಮಾಸ್ತರ ಕೋಣೆಯ ಅಟ್ಟದಿಂದ ಹಳೆಯ ಕಿರ್ದಿ ಪುಸ್ತಕಗಳನ್ನು, ಅಂದರೆ ದಿನದಿನದ ಜಮಾ-ಖರ್ಚಿನ ಪುಸ್ತಕಗಳನ್ನು, ಇಳಿಸಿದೆ. ಸ್ಕೋರ್ ಶೀಟನ್ನು ಯಾರೂ ಕಾಯುವುದಿಲ್ಲ, ಆದರೆ ಖರ್ಚಿನ ಲೆಕ್ಕವನ್ನು ಅನುದಾನಿತ ಶಾಲೆಯವರು ಆಡಿಟ್‌ಗೆ ಹೆದರಿಯಾದರೂ ಕಾಯುತ್ತಾರೆ. ಮೂರನೆಯ ದಿನ 1964ರ ಅಕ್ಟೋಬರ್ ತಿಂಗಳ ಪುಟದಲ್ಲಿ ಈ ಸಾಲು ಸಿಕ್ಕಿತು: 'ಖೋಖೋ ಆಟದ ಖಾಂಬ ನಗ 2, ಜಾಲಿ ಕಟ್ಟಿಗೆ, ಬಡಿಗೇರ ಮಜೂರಿ ಸಹ ರೂ. 9'. ಅದರ ಕೆಳಗೆಯೇ ಇನ್ನೊಂದು: 'ಬೈಲಿಗೆ ಗರಸು, ಚಕ್ಕಡಿ 40'. ಗರಸು ಎಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಎರಡನೆಯ ಸಾಲು ನನಗೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಂಡಿತು. ಎರಿ ಮಣ್ಣಿನಲ್ಲಿ ಖೋ-ಖೋ ಆಡಲು ಬರುವುದಿಲ್ಲ; ಮಳೆಗಾಲದಲ್ಲಿ ಅದು ಪಾದಕ್ಕೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಮುಂಗಾಲು ಇಳಿಯುವಷ್ಟು ಬಿರಿಯುತ್ತದೆ. ನಲವತ್ತು ಚಕ್ಕಡಿ ಗರಸನ್ನು ಗಜೇಂದ್ರಗಡದ ಗುಡ್ಡದ ಕಡೆಯಿಂದ ಹೇರಿ ತಂದು ಹಾಸಿದವರು ಆ ಆಟವನ್ನು ಒಂದು ದಿನದ ಗ್ಯಾದರಿಂಗಿಗಾಗಿ (ಶಾಲೆಯ ವಾರ್ಷಿಕೋತ್ಸವಕ್ಕಾಗಿ) ಅಂದುಕೊಂಡಿರಲಿಲ್ಲ. ತಂಡದ ಹುಟ್ಟನ್ನು 1964 ಎಂದು ಬರೆದೆ. ಗೆಲ್ಲುವ ಮೊದಲು ನಾಲ್ಕು ವರ್ಷ ಸೋತರು ಎಂಬುದು ಕೆಲವು ಹಿರಿಯರಿಗೆ ಹಿಡಿಸಲಿಲ್ಲ. ಆದರೂ ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಆ ನಾಲ್ಕು ವರ್ಷಗಳೇ.

ಕಂಬಕ್ಕೆ 'ಖಾಂಬ' ಎಂಬ ಮರಾಠಿ ಶಬ್ದ ಬರೆದದ್ದರ ಹಿಂದೆಯೂ ಒಂದು ಕಥೆಯಿದೆ. 1956ರ ನವೆಂಬರ್ 1ರವರೆಗೆ ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಇಲ್ಲಿಯ ಹಿಂದಿನ ತಲೆಮಾರಿನ ವ್ಯಾಯಾಮ ಶಿಕ್ಷಕರಲ್ಲಿ ಅನೇಕರು ಮುಂಬಯಿಯ ಕಾಂದಿವಲಿಯಲ್ಲಿದ್ದ ಸರಕಾರಿ ತರಬೇತಿ ಸಂಸ್ಥೆಯಲ್ಲಿ ಕಲಿತು ಬಂದವರು. ನಮ್ಮ ಶಾಲೆಯ ಮೊದಲ ಶಿಕ್ಷಕರ ಸೇವಾ ಪುಸ್ತಕದಲ್ಲಿಯೂ ಅದೇ ನಮೂದಿದೆ. ಖೋ-ಖೋ ಆಟದ ನಿಯಮಗಳು ಪುಣೆಯ ಕಡೆಯೇ ಒಂದು ರೂಪಕ್ಕೆ ಬಂದವು, ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1959-60ರಲ್ಲಿ ವಿಜಯವಾಡದಲ್ಲಿ ನಡೆಯಿತು. ಅದಾಗಿ ನಾಲ್ಕೈದು ವರ್ಷಗಳಲ್ಲಿ ನಮ್ಮ ಬಡಿಗೇರರು ಜಾಲಿ ಕಟ್ಟಿಗೆಯ ಕಂಬ ಕೆತ್ತುತ್ತಿದ್ದರು. ಆ ಎರಡು ಕಂಬಗಳಲ್ಲಿ ಒಂದು ಇನ್ನೂ ಉಳಿದಿದೆ, ಶಾಲೆಯ ಸಿಪಾಯಿಯೊಬ್ಬರ ಹಿತ್ತಲಲ್ಲಿ ಎಮ್ಮೆ ಕಟ್ಟುವ ಗೂಟವಾಗಿ. ನೆಲದ ಮೇಲಿನ ಗುರುತಿನಿಂದ ಅಳೆದು ನೋಡಿದರೆ ಎತ್ತರ ನಾಲ್ಕು ಅಡಿ. ಇಂದಿನ ನಿಯಮದ 120ರಿಂದ 125 ಸೆಂಟಿಮೀಟರಿನೊಳಗೆ ಸರಿಯಾಗಿ ಕೂಡುತ್ತದೆ.

ನೆನಪುಗಳನ್ನು ಕೂಡಿಸುವ ಕೆಲಸದಲ್ಲಿ ಮೊದಲ ನಾಲ್ಕು ತಿಂಗಳು ವ್ಯರ್ಥವಾದವು, ಏಕೆಂದರೆ ನಾನು ಹೋದಲ್ಲೆಲ್ಲ "ಯಾವ ವರ್ಷ?" ಎಂದೇ ಕೇಳುತ್ತಿದ್ದೆ. ಇಸವಿ ಯಾರಿಗೂ ನೆನಪಿರುವುದಿಲ್ಲ. ನೆನಪಿದೆ ಎಂದು ಖಚಿತವಾಗಿ ಹೇಳಿದವರದು ಹೆಚ್ಚಾಗಿ ತಪ್ಪಿರುತ್ತಿತ್ತು. ಆಮೇಲೆ ಪ್ರಶ್ನೆಯನ್ನು ಬದಲಿಸಿದೆ. ನರಗುಂದ, ನವಲಗುಂದದ ಗೋಲಿಬಾರಿಗಿಂತ ಮೊದಲೋ ಆಮೇಲೋ ಎಂದರೆ 1980ರ ಜುಲೈ ತಿಂಗಳ ಆಚೆ ಈಚೆ ಗೊತ್ತಾಗುತ್ತಿತ್ತು. ಗೋಕಾಕ ಚಳವಳಿಯ ಹೊತ್ತಿಗೆ ಎಂದರೆ 1982. ಕಪಿಲ್ ದೇವ್ ತಂಡ ಕಪ್ ಗೆದ್ದ ಮಳೆಗಾಲ ಎಂದರೆ 1983. ಇಂದಿರಾ ಗಾಂಧಿಯವರು ತೀರಿದಾಗ ಬಸ್ಸಿಲ್ಲದೆ ಧಾರವಾಡದಲ್ಲಿಯೇ ಉಳಿದೆವು ಎಂದರೆ 1984. ಹಿಂದೆ ಬರಹವಿಲ್ಲದ ಒಂಬತ್ತು ಫೋಟೋಗಳ ಪೈಕಿ ಏಳರ ವರ್ಷ ಹೀಗೆಯೇ ಗೊತ್ತಾಯಿತು.

ಇನ್ನೊಂದು ಉಪಾಯ ತಾನಾಗಿ ಸಿಕ್ಕಿತು. ಎಪ್ಪತ್ತರ ದಶಕದ ಆರಂಭದಲ್ಲಿ ಆಡಿದ, ಈಗ ಹಿಟ್ಟಿನ ಗಿರಣಿ ನಡೆಸುತ್ತಿರುವ ಒಬ್ಬರ ಹತ್ತಿರ ಹೋದಾಗ ಅವರಿಗೆ ಮೂರು ಹೆಸರುಗಳ ಮುಂದೆ ನೆನಪು ಹೋಗಲಿಲ್ಲ. ನಾನು ಗಿರಣಿಯ ಕಟ್ಟೆಯ ಮೇಲೆ ಬಿದ್ದಿದ್ದ ಹಿಟ್ಟಿನಲ್ಲಿಯೇ ಬೆರಳಿನಿಂದ ಅಂಗಣ ಗೀರಿ, ಎರಡು ತುದಿಗೆ ಎರಡು ಕಂಬವೆಂದು ಬೋಲ್ಟು ಇಟ್ಟು, ಎಂಟು ಜೋಳದ ಕಾಳುಗಳನ್ನು ಅವರ ಕೈಗೆ ಕೊಟ್ಟು, "ಯಾರ ಹಿಂದ ಯಾರು ಕುಂದರ್ತಿದ್ರಿ, ಇಡ್ರಿ ನೋಡೋಣ" ಎಂದೆ. ಅವರು ಮೊದಲ ಕಾಳನ್ನು ಇಟ್ಟು ಇದು ನಾನು ಎಂದರು. ಆಮೇಲೆ ಎಡಕ್ಕೊಂದು ಬಲಕ್ಕೊಂದು, ಪ್ರತಿ ಕಾಳಿಗೂ ಒಂದು ಹೆಸರು, ಹೆಸರಿನ ಹಿಂದೆ ಮನೆತನ, ಎಡಗಾಲಿನವನೋ ಬಲಗಾಲಿನವನೋ ಎಂಬುದು ಸಹ ತಾನಾಗಿ ಬಂತು. ಏಳು ಕಾಳು ಇಟ್ಟಾದ ಮೇಲೆ ಎಂಟನೆಯದನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ, "ಇಲ್ಲಿ ಇಬ್ರು ಕುಂತಂಗ ಅನಸ್ತೈತ್ರಿ. ಮೊದಲ ಬ್ಯಾರೆ ಒಬ್ಬಾವ ಇದ್ದ" ಎಂದರು. ಹೆಸರು ಬರಲಿಲ್ಲ.

ಆ ಎಂಟನೆಯ ಕಾಳಿನ ಸುದ್ದಿ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೆನಪು ಮತ್ತು ದಾಖಲೆ ಕೂಡದಾಗ ಏನು ಮಾಡಿದೆ ಎಂಬುದನ್ನು ಹೇಳಬೇಕು. ರದ್ದಿಗೆ ಹೋಗದೆ ಉಳಿದದ್ದು ಒಂದೇ ಒಂದು ಸ್ಕೋರ್ ಶೀಟು, 1983ರದು, ಪ್ರಯೋಗಶಾಲೆಯ ಡ್ರಾವರಿನ ತಳಕ್ಕೆ ಹಾಸಿದ್ದು. ಆ ಪಂದ್ಯದಲ್ಲಿ ಕೊನೆಯ ಸರದಿಯಲ್ಲಿ ಕಂಬ ಸುತ್ತಿ ಸುತ್ತಿ ತಂಡವನ್ನು ಉಳಿಸಿದವರು ತಾವು ಆರು ನಿಮಿಷ ಸಿಗಲಿಲ್ಲವೆಂದು ನಾಲ್ಕು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಹಾಳೆಯಲ್ಲಿ 4 ನಿಮಿಷ 10 ಸೆಕೆಂಡು ಎಂದಿದೆ. ಒಂಬತ್ತು ನಿಮಿಷದ ಸರದಿಯಲ್ಲಿ ಹದಿನಾರರ ಹುಡುಗನೊಬ್ಬ ಅಷ್ಟು ಹೊತ್ತು ಉಳಿಯುವುದೇ ದೊಡ್ಡ ಮಾತು. ನಾನು 4 ನಿಮಿಷ 10 ಸೆಕೆಂಡು ಎಂದೇ ಬರೆದು, ಅಚ್ಚಿಗೆ ಹೋಗುವ ಮೊದಲು ಹಾಳೆಯನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಸ್ಕೋರರ್‌ನ ಗಡಿಯಾರವೇ ನಿಂತಿತ್ತು ಎಂದರು. ಅದನ್ನೂ ಬರೆದಿದ್ದೇನೆ.

ಗೆಲುವುಗಳನ್ನು ತೂಗುವಾಗ ಇನ್ನೊಂದು ತೊಡಕು ಎದುರಾಯಿತು. 1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಜಿಲ್ಲೆಗಳನ್ನು ಮಾಡಿದರು. ಅದಕ್ಕೂ ಮೊದಲು ಜಿಲ್ಲಾ ಮಟ್ಟದಲ್ಲಿ ಗೆಲ್ಲುವುದೆಂದರೆ ಹಿರೇಕೆರೂರು, ರಾಣೆಬೆನ್ನೂರಿನಿಂದ ಹಿಡಿದು ಕಲಘಟಗಿಯವರೆಗಿನ ಹದಿನೇಳು ತಾಲೂಕುಗಳನ್ನು ದಾಟುವುದು; ಅದಾದ ಮೇಲೆ ಐದೇ ತಾಲೂಕುಗಳು ಉಳಿದವು. ನನ್ನ ಕಾಲದಲ್ಲಿ ನಮ್ಮ ಶಾಲೆ ಜಿಲ್ಲೆಯನ್ನು ಆರು ಸಲ ಗೆದ್ದಿತು, ಅದರಲ್ಲಿ ಐದು 1997ರ ಈಚಿನವು. ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಎಪ್ಪತ್ತರ ದಶಕದ ಹುಡುಗರಿಗೆ ಅನ್ಯಾಯವಾಗುತ್ತಿತ್ತು, ನನಗೆ ಮಾತ್ರ ಲಾಭವಾಗುತ್ತಿತ್ತು. ಎರಡು ಪಟ್ಟಿ ಮಾಡಿದೆ.

ಹುಡುಗಿಯರ ತಂಡವಿತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. 1976ರಿಂದ 1979ರವರೆಗಿನ ಪ್ರವಾಸ ಖರ್ಚಿನಲ್ಲಿ 'ವಿದ್ಯಾರ್ಥಿನಿಯರು 12, ಹೊಲಿಗೆ ಬಾಯಿಯವರು 1' ಎಂದು ನಾಲ್ಕು ಸಲ ಬರುತ್ತದೆ, ಆಮೇಲೆ ಬರುವುದಿಲ್ಲ. ಹೊಲಿಗೆ ಕಲಿಸುತ್ತಿದ್ದ ಆ ಶಿಕ್ಷಕಿ ಮದುವೆಯಾಗಿ ಊರು ಬಿಟ್ಟರು, ಹುಡುಗಿಯರನ್ನು ಪರವೂರಿಗೆ ಕರೆದೊಯ್ಯುವ ಹೆಣ್ಣುಮಕ್ಕಳು ಶಾಲೆಯಲ್ಲಿ ಉಳಿಯಲಿಲ್ಲ, ತಂಡ ನಿಂತಿತು, ಇಷ್ಟೇ ಕಾರಣ. ಜನರಲ್ ರಜಿಸ್ಟರಿನಲ್ಲಿ ತವರಿನ ಅಡ್ಡಹೆಸರು ಮಾತ್ರ ಇರುವುದರಿಂದ ಅವರನ್ನು ಹುಡುಕಲು ತವರುಮನೆಗಳಿಗೇ ಹೋಗಬೇಕಾಯಿತು. ಹನ್ನೆರಡರಲ್ಲಿ ಐವರು ಸಿಕ್ಕರು.

ಎಂಟನೆಯ ಕಾಳಿನ ವಿಷಯವನ್ನು ಬಿಡಿಸಿದ್ದೂ ಕಿರ್ದಿ ಪುಸ್ತಕವೇ. 1972ರ ಸೆಪ್ಟೆಂಬರ್‌ನಲ್ಲಿ ರೋಣದ ತಾಲೂಕು ಪಂದ್ಯಕ್ಕೆ ಹೋದ ಖರ್ಚು: 'ಹುಡುಗರು 12, ಮಾಸ್ತರ 1'. ನವೆಂಬರ್‌ನಲ್ಲಿ ಧಾರವಾಡದ ಜಿಲ್ಲಾ ಪಂದ್ಯಕ್ಕೆ: 'ಹುಡುಗರು 11, ಮಾಸ್ತರ 1'. ಆ ವರ್ಷ ನಮ್ಮ ತಂಡ ಜಿಲ್ಲೆ ಗೆದ್ದಿತು. ಗ್ಯಾದರಿಂಗಿನಲ್ಲಿ ತೆಗೆಸಿದ ಫೋಟೋದಲ್ಲಿ ಢಾಲಿನ ಸುತ್ತ ಹನ್ನೊಂದೇ ಹುಡುಗರಿದ್ದಾರೆ. ಯಾರೋ ಜ್ವರ ಬಂದು ತಪ್ಪಿಸಿಕೊಂಡಿರಬೇಕೆಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಈಗ ಹತ್ತನೆಯ ಇಯತ್ತೆಯ ಹಾಜರಿ ಪುಸ್ತಕ ತೆಗೆಸಿ ಸಾಲುಸಾಲು ನೋಡಿದೆ. ಒಂದು ಹೆಸರಿನ ಮುಂದೆ ಅಕ್ಟೋಬರ್ ಮೊದಲ ವಾರದಿಂದ ಚುಕ್ಕಿಗಳು, ತಿಂಗಳ ಕೊನೆಗೆ ಕೆಂಪು ಮಸಿಯಲ್ಲಿ 'ಸತತ ಗೈರುಹಾಜರಿ, ಹೆಸರು ಕಮಿ ಮಾಡಿದೆ'. ಅದು ಬರಗಾಲದ ವರ್ಷ. ಹೆಸರನ್ನು ಓದಿದ ಕೂಡಲೇ ಗಿರಣಿಯವರು ಎದ್ದು ನಿಂತರು. ಮಳೆ ಹೋದದ್ದರಿಂದ ಆ ಮನೆಯವರೆಲ್ಲ ದುಡಿಯಲು ಗೋವಾಕ್ಕೆ ಹೋಗಿದ್ದರು, ಮರಳಿ ಬಂದಿರಲಿಲ್ಲ.

ಹೆಸರು ಕಮಿಯಾದ ಆ ಆಟಗಾರರ ಅಕ್ಕನ ಮಗನೊಬ್ಬ ಗಜೇಂದ್ರಗಡದಲ್ಲಿದ್ದ. ಆತನಿಂದ ವಾಸ್ಕೋದ ನಂಬರ್ ಪಡೆದು ಒಂದು ರವಿವಾರ ಮುಂಜಾನೆ ಫೋನ್ ಮಾಡಿದೆ. ಯಾವ ಶಾಲೆಯಿಂದ, ಏತಕ್ಕೆ ಎಂಬುದನ್ನು ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ತಮ್ಮ ಹೆಸರನ್ನು ಹನ್ನೆರಡನೆಯದಾಗಿ ಅಚ್ಚು ಹಾಕಿಸುತ್ತೇವೆಂದು ಹೇಳಿದ್ದಕ್ಕೆ ಅವರು ಏನೂ ಅನ್ನಲಿಲ್ಲ. ಆಮೇಲೆ, "ಆ ವರ್ಷ ಧಾರವಾಡದಾಗ ಏನಾತ್ರಿ?" ಎಂದು ಕೇಳಿದರು. ಗೆದ್ದದ್ದು ಅವರಿಗೆ ಈವರೆಗೆ ಗೊತ್ತಿರಲಿಲ್ಲ. ಗೆದ್ದರು ಎಂದೆ. "ಎಷ್ಟು ಪಾಯಿಂಟಿಲೆ?" ಎಂದರು.

ಆ ಸ್ಕೋರ್ ಶೀಟು ನಾನು ರದ್ದಿಗೆ ಹಾಕಿದ ಕಟ್ಟಿನಲ್ಲಿತ್ತು.